ಕಟ್ಟಿದ ಚರಂಡಿಗೆ ಟೆಂಡರ್

ನನ್ನ ತಮ್ಮನನ್ನು ಊರಿನವರು ರಸಮಟ್ಟ ಎಂದು ಕರೆಯುತ್ತಾರೆ. ಗಾರೆ ಕೆಲಸದವರು ನೆಲ ಸಮವಾಗಿದೆಯೇ ಎಂದು ನೋಡುವ ಪಟ್ಟಿಗೆ ಆ ಹೆಸರು. ಅದರ ನಡುವೆ ಗಾಜಿನ ಕೊಳವೆ, ಕೊಳವೆಯೊಳಗೆ ಒಂದು ಗುಳ್ಳೆ. ಅದನ್ನು ಬಿಟ್ಟು ಅವನು ಎಲ್ಲಿಗೂ ಹೋದವನಲ್ಲ. ನಮ್ಮನೆಗೆ ಊಟಕ್ಕೆ ಬಂದರೂ ಮೊದಲು ಮೇಜಿನ ಮೇಲೆ ಅದನ್ನಿಟ್ಟು ನೋಡುತ್ತಿದ್ದ.

"ಅಕ್ಕಾ, ನಿನ್ ಮೇಜು ಬಾಗಿಲ ಕಡೆ ವಾಲಿದೆ."

"ಹಾಗಾದ್ರೆ ಆ ಕಡೆನೇ ಕೂತ್ಕೊ. ಬಡಿಸಿದ್ದೆಲ್ಲ ಹರ್ಕೊಂಡು ನಿನ್ ಹತ್ರಾನೇ ಬರುತ್ತೆ" ಎನ್ನುತ್ತಿದ್ದೆ.

ಚಿಕ್ಕಂದಿನಲ್ಲೇ ಗಾರೆ ಕೆಲಸಕ್ಕೆ ಹೋದವನು, ಮೇಸ್ತ್ರಿಯಾದ, ಆಮೇಲೆ ನಗರಸಭೆಯ ಸಣ್ಣ ಗುತ್ತಿಗೆದಾರನಾದ. ಚರಂಡಿ, ಮೋರಿ, ಶಾಲೆಯ ಕಾಂಪೌಂಡು, ಇಷ್ಟೇ ಅವನ ಕೆಲಸ. ದೊಡ್ಡ ರಸ್ತೆಗಳು ದೊಡ್ಡವರಿಗೆ. ನನ್ನ ಯಜಮಾನರು ತೀರಿಕೊಂಡ ಮೇಲೆ ಅವನು ನಮ್ಮ ಓಣಿಗೇ ಬಂದು ಮನೆ ಮಾಡಿದ. ಈಗ ಓಣಿಯವರು ಅವನಿಗೆ ತಲೆ ಕೆಟ್ಟಿದೆ ಎನ್ನುತ್ತಾರೆ. ಏನಾಯಿತೆಂದು ನಾನು ಕಣ್ಣಾರೆ ನೋಡಿದ್ದೇನೆ, ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ನಗರಸಭೆಯಲ್ಲಿ ಸಣ್ಣ ಕೆಲಸ ನಡೆಯುವುದಕ್ಕೆ ಒಂದು ರೂಢಿಯಿತ್ತು. ಎಲ್ಲಾದರೂ ಚರಂಡಿ ಕುಸಿದು ಜನ ಕೂಗಾಡಿದರೆ ವಾರ್ಡಿನ ಸದಸ್ಯರು ಪರಿಚಯದ ಗುತ್ತಿಗೆದಾರನನ್ನು ಕರೆದು ಶುರು ಹಚ್ಕೊ ಎನ್ನುವರು. ಅವನು ಸಾಲ ತಂದು ಕಟ್ಟಿ ಮುಗಿಸುವನು. ಟೆಂಡರ್ ಕರೆಯುವುದು ಆಮೇಲೆ. ಕಟ್ಟಿದವನು ಒಂದು ದರ ಬರೆಯುವನು. ಉಳಿದ ಗುತ್ತಿಗೆದಾರರು ಅವನಿಗಿಂತ ಹೆಚ್ಚು ಬರೆದು ಸುಮ್ಮನಾಗುವರು. ಇವತ್ತು ಇವನದಾದರೆ ನಾಳೆ ಅವರದು. ಕಟ್ಟಿದ್ದು ಕಣ್ಣ ಮುಂದಿದ್ದರೂ ಟೆಂಡರ್ ಕಾಗದದಲ್ಲಿ ಕಟ್ಟಬೇಕಾಗಿದೆ ಎಂದೇ ಇರುತ್ತಿತ್ತು. ಅದು ಯಾರಿಗೂ ತಪ್ಪಾಗಿ ಕಂಡಿರಲಿಲ್ಲ. ನನಗೂ ಕಂಡಿರಲಿಲ್ಲ.

ನಮ್ಮ ಓಣಿಯ ಹಳೇ ಚರಂಡಿ ಕುಸಿದು ಕೊಳಚೆ ನೀರು ನನ್ನ ಅಡುಗೆಮನೆಯವರೆಗೆ ಬಂದಾಗ ವಾರ್ಡಿನ ಸದಸ್ಯರು ಪಂಚೆ ಎತ್ತಿ ಹಿಡಿದು ಬಂದು ನೋಡಿದರು. ನಮ್ಮ ಪಡಸಾಲೆಯಲ್ಲೇ ಕೂತು ಟೀ ಕುಡಿದರು. ತಮ್ಮನ ಹೆಗಲ ಮೇಲೆ ಕೈಯಿಟ್ಟು, "ನಿಮ್ಮಕ್ಕನ ಮನೆ ಮುಂದಿನ ಕೆಲಸ ಕಣಯ್ಯಾ. ಟೆಂಡರ್‌ಗೆ ಕಾಯ್ತಾ ಕೂತ್ರೆ ಈ ಮನೆ ಇರುತ್ತಾ? ಮಿಕ್ಕಿದ್ದು ನನಗೆ ಬಿಡು" ಅಂದರು.

ಅವನು ಬಿಟ್ಟ. ಸಿಮೆಂಟ್ ಅಂಗಡಿಯಲ್ಲಿ ಸಾಲ ಹೇಳಿ, ಆಳುಗಳಿಗೆ ಬಿಲ್ಲಾದ ಮೇಲೆ ಕೊಡುತ್ತೇನೆಂದು ಒಪ್ಪಿಸಿ, ಓಣಿಯ ತುದಿಯಿಂದ ತುದಿಗೆ ಚರಂಡಿ ಕಟ್ಟಿದ. ಪ್ರತಿ ಬಾಗಿಲ ಮುಂದೆ ದಾಟಲು ಚಪ್ಪಡಿ ಹಾಸಿದ. ಮುಗಿದ ದಿನ ನನ್ನ ಬಾಗಿಲಲ್ಲಿ ಒಂದು ಚೊಂಬು ನೀರು ಸುರಿದು, ಅದು ಎಲ್ಲೂ ನಿಲ್ಲದೆ ಹೋಗುವುದನ್ನು ಓಣಿಯ ಕೊನೆಯವರೆಗೆ ಪಕ್ಕದಲ್ಲೇ ನಡೆದು ನೋಡಿಕೊಂಡು ಬಂದ.

ಆ ವರ್ಷ ಟೆಂಡರೆಲ್ಲ ಕಂಪ್ಯೂಟರಿಗೆ ಬಿದ್ದಿತ್ತು. ಯಾವ ಊರಿನವರು ಬೇಕಾದರೂ ಕೂತಲ್ಲೇ ದರ ಹಾಕಬಹುದು. ಇಷ್ಟು ಸಣ್ಣ ಕೆಲಸಕ್ಕೆ ಹೊರಗಿನವರು ಯಾರು ಬರುತ್ತಾರೆ ಎಂದು ನಗರಸಭೆಯ ಇಂಜಿನಿಯರ್ ನಕ್ಕಿದ್ದರಂತೆ. ಬಂದರು. ದೂರದ ಊರಿನ ಗುತ್ತಿಗೆದಾರ ಒಬ್ಬ, ಜಾಗವನ್ನೇ ನೋಡದೆ, ನನ್ನ ತಮ್ಮನಿಗಿಂತ ಕಡಿಮೆ ದರ ಹಾಕಿ ಮೊದಲಿಗನಾಗಿ ನಿಂತ.

ಆತ ಜಾಗ ನೋಡಲು ಬಂದಾಗ ನಾನು ಬಾಗಿಲಲ್ಲೇ ಇದ್ದೆ. ನನ್ನ ಚಪ್ಪಡಿಯ ಮೇಲೆ ನಿಂತು ಆ ಕಡೆ ಈ ಕಡೆ ನೋಡಿದ.

"ಅಮ್ಮಾ, ಇಲ್ಲಿ ಚರಂಡಿ ಕಟ್ಬೇಕಂತೆ, ಎಲ್ಲಿ?"

"ನೀನು ನಿಂತಿರೋದು ಅದರ ಮೇಲೇನೇ ಕಣಪ್ಪಾ."

ಆತ ಬಗ್ಗಿ ಕೆಳಗೆ ನೋಡಿದ. ಆಮೇಲೆ ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟ. ಕುಡಿಯಲು ನೀರು ಕೊಟ್ಟೆ. ಕೆಟ್ಟವನಲ್ಲ. ಕೆಲಸವಿಲ್ಲದೆ ಖಾಲಿ ಕೂತಿದ್ದನಂತೆ, ಸಿಕ್ಕಿದರೆ ಸಾಕೆಂದು ದರ ಇಳಿಸಿದ್ದನಂತೆ. ಈಗ ಬೇಡವೆಂದರೆ ಕಟ್ಟಿದ ಠೇವಣಿ ಹೋಗುತ್ತದೆ, ಕಪ್ಪುಪಟ್ಟಿಗೆ ಹೆಸರು ಬೀಳುತ್ತದೆ, ಮುಂದೆ ಯಾವ ಊರಲ್ಲೂ ಕೆಲಸ ಸಿಗುವುದಿಲ್ಲ.

ಸಂಜೆ ಸದಸ್ಯರು, ಇಂಜಿನಿಯರ್, ಆತ ಮತ್ತು ನನ್ನ ತಮ್ಮ ನಮ್ಮ ಪಡಸಾಲೆಯಲ್ಲಿ ಸೇರಿ ಒಂದು ಮಾತಿಗೆ ಬಂದರು. ಇದೇ ಚರಂಡಿಯನ್ನು ಆತ ಕಟ್ಟಿದ್ದೆಂದು ತೋರಿಸುವುದು, ಬಿಲ್ಲಾದ ಮೇಲೆ ಆತ ತನ್ನ ಖರ್ಚು ಹಿಡಿದುಕೊಂಡು ಮಿಕ್ಕಿದ್ದನ್ನು ತಮ್ಮನಿಗೆ ಕೊಡುವುದು. ಅಲ್ಲಿಯವರೆಗೆ ಯಾರೂ ಬಾಯಿ ಬಿಡಕೂಡದು. ಆಳುಗಳು ದಿನಾ ತಮ್ಮನ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು, ಅವನ ಹೆಂಡತಿ ಒಳಗಿನಿಂದಲೇ ಅವನಿಲ್ಲ ಅನ್ನುತ್ತಿದ್ದಳು. ಆಳುಗಳ ಕೂಲಿಯಾದರೂ ತೀರಲಿ ಎಂದು ತಮ್ಮ ಹೂಂ ಅಂದ.

ನಗರಸಭೆಯ ಒಪ್ಪಿಗೆಯೊಂದು ಬಾಕಿಯಿತ್ತು. ಆ ಸಭೆಗೆ ತಮ್ಮ ಹೋಗಬೇಕಾಗಿರಲೇ ಇಲ್ಲ. ಮನೆಯಲ್ಲಿ ಕೂರಲಾಗದೆ ಹೊರಟ. ಅವನ ಮುಖ ನೋಡಿ ನಾನೂ ಹೊರಟೆ. ಸಾರ್ವಜನಿಕರಿಗೆಂದು ಸಭಾಂಗಣದ ಹಿಂದೆ ಒಂದು ಬೆಂಚು ಹಾಕಿರುತ್ತಾರೆ, ಅಲ್ಲಿ ಕೂತೆವು. ಮೈಕು ಕೀರಲು ದನಿ ಮಾಡುತ್ತಿತ್ತು. ಗುಮಾಸ್ತರು ವಿಷಯಗಳನ್ನು ಒಂದೇ ಉಸಿರಿಗೆ ಓದುತ್ತ ಹೋದರು. ಅಧ್ಯಕ್ಷರು ಒಪ್ಪಿಗೆಯೇ ಎನ್ನುವರು, ಕೆಲವರು ಒಪ್ಪಿಗೆ ಎನ್ನುವರು, ಕೆಲವರು ಪಕ್ಕದವರೊಡನೆ ಮಾತಾಡುತ್ತಲೇ ಕೈ ಎತ್ತುವರು.

ನಮ್ಮ ಓಣಿಯ ವಿಷಯ ಬಂದಾಗ ಬಟ್ಟೆ ಅಂಗಡಿಯವರು, ಅವರು ಎದುರು ಪಕ್ಷದ ಸದಸ್ಯರು, ಎದ್ದು ಹೊರಗಿನವರಿಗೆ ಯಾಕೆ ಕೆಲಸ, ನಮ್ಮವರು ಇಲ್ಲವೇ ಎಂದು ಕೇಳಿದರು. ಕೇಳಬೇಕಲ್ಲ ಎಂದು ಕೇಳಿದ್ದು. ನಮ್ಮ ವಾರ್ಡಿನ ಸದಸ್ಯರು ದರ ಕಡಿಮೆ ಇದೆ ಎಂದಷ್ಟೇ ಹೇಳಿ ಕೂರಬಹುದಿತ್ತು. ಕೂರಲಿಲ್ಲ.

"ನಮ್ಮೂರಿನವರು ಕಟ್ಟಿದ್ದು ನೋಡಿದ್ದೀವಲ್ಲ ಸ್ವಾಮಿ. ಬರೀ ಮರಳು. ಸಿಮೆಂಟು ವಾಸನೆಗೆ ಮಾತ್ರ. ಕೆಮ್ಮಿದ್ರೆ ಉದುರುತ್ತೆ."

ಸಭೆಯೆಲ್ಲ ನಕ್ಕಿತು. ಅಧ್ಯಕ್ಷರೂ ನಕ್ಕರು. ನಾನು ತಮ್ಮನ ಅಂಗಿಯ ಚುಂಗು ಹಿಡಿದುಕೊಂಡೆ. ಅವನು ಆಗಲೇ ಎದ್ದಿದ್ದ.

"ಆ ಚರಂಡಿ ಕಟ್ಟಿ ಆಗಿದೆ. ಕಟ್ಟಿದ್ದು ನಾನು. ಬಂದು ಸುತ್ತಿಗೇಲಿ ಹೊಡೆದು ನೋಡಿ, ಮರಳೆಷ್ಟಿದೆ ಅಂತ."

ಸಾರ್ವಜನಿಕರು ಮಾತಾಡುವಂತಿಲ್ಲ ಎಂದು ಅಧ್ಯಕ್ಷರು ಹೇಳಿದರು. ಅಷ್ಟಕ್ಕೇ ಬಿಟ್ಟಿದ್ದರೆ ಏನೋ. ಬಟ್ಟೆ ಅಂಗಡಿಯವರು ಬಿಡಲಿಲ್ಲ. ಅವರಿಗೆ ಆಗ ನಿಜವಾಗಿಯೂ ಕೇಳುವ ಮಾತು ಸಿಕ್ಕಿತ್ತು. ಕಟ್ಟಿದ ಚರಂಡಿಗೆ ಟೆಂಡರ್ ಹೇಗೆ, ನಡಾವಳಿಯಲ್ಲಿ ಬರೆಸಿ ಎಂದು ಹಟ ಹಿಡಿದರು. ಅಧ್ಯಕ್ಷರ ಪಕ್ಕದಲ್ಲಿ ಕೂತಿದ್ದ ಪೌರಾಯುಕ್ತರು, ಹೊಸದಾಗಿ ಬಂದವರು, ಕನ್ನಡಕ ತೆಗೆದು, ಯಾರ ಆದೇಶದ ಮೇಲೆ ಕಟ್ಟಿದಿರಿ ಎಂದು ಕೇಳಿದರು.

ತಮ್ಮ ಕೈ ತೋರಿಸಿದ. "ಇವ್ರೇ ಹೇಳಿದ್ದು."

"ನಾನಾ?" ಅಂದರು ನಮ್ಮ ಸದಸ್ಯರು. "ಈ ಮನುಷ್ಯನ್ನ ಎಲ್ಲೋ ನೋಡಿದ ಹಾಗಿದೆ, ಅಷ್ಟೇ."

ನಮ್ಮ ಮನೆಯ ಲೋಟದಲ್ಲಿ ಟೀ ಕುಡಿದ ಬಾಯಿ ಅದು. ಇಂಜಿನಿಯರ್ ಕಡೆ ನೋಡಿದೆ. ಅವರು ಮುಂದಿದ್ದ ಕಾಗದವನ್ನು ಮಡಿಸಿ ಬಿಡಿಸಿ ಮಡಿಸುತ್ತಿದ್ದರು.

ನಡಾವಳಿಯಲ್ಲಿ ಸೇರಿದ ಮೇಲೆ ಮುಚ್ಚಿಹಾಕುವ ದಾರಿ ಯಾರಿಗೂ ಉಳಿಯಲಿಲ್ಲ. ಪ್ರತಿಯೊಬ್ಬರೂ ತಮ್ಮ ಕೈ ತೊಳೆದುಕೊಳ್ಳಬೇಕಾಯಿತು. ನಗರಸಭೆಯ ಜಾಗದಲ್ಲಿ ಅನುಮತಿಯಿಲ್ಲದೆ ಕಟ್ಟಿದ್ದು, ಕಟ್ಟಿದವನೇ ತೆರವು ಮಾಡಬೇಕು, ಇಲ್ಲದಿದ್ದರೆ ಅವನ ಖರ್ಚಿನಲ್ಲೇ ಒಡೆಸುತ್ತೇವೆ ಎಂದು ನಮ್ಮ ಓಣಿಯ ವಿದ್ಯುತ್ ಕಂಬಕ್ಕೆ ನೋಟಿಸು ಅಂಟಿಸಿದರು. ತೆರವಾದ ಮೇಲೆ ಟೆಂಡರಿನವನು ಹೊಸದಾಗಿ ಕಟ್ಟುವುದೆಂದು ತೀರ್ಮಾನ.

ಆ ಹೊರಗಿನ ಗುತ್ತಿಗೆದಾರ ಬಂದು, "ಯಾಕಣ್ಣಾ ಬಾಯಿ ಬಿಟ್ರಿ, ಎಲ್ಲಾ ಸರಿಹೋಗಿತ್ತಲ್ಲ" ಅಂದ. ಒಡೆಯಲು ತನ್ನ ಮಿಷಿನ್ ತರುತ್ತೇನೆಂದ. ತಮ್ಮ ಬೇಡವೆಂದ. ಮಿಷಿನ್ ಬಂದರೆ ಮನೆಗಳ ಮೆಟ್ಟಿಲು, ನೀರಿನ ಪೈಪು ಎಲ್ಲ ಹೋಗುತ್ತದೆ, ನಾನೇ ಒಡೆಯುತ್ತೇನೆ ಅಂದ.

ಕೂಲಿ ಸಿಗದ ಆಳುಗಳು ಯಾರೂ ಬರಲಿಲ್ಲ. ಸುತ್ತಿಗೆ, ಉಳಿ ಹಿಡಿದು ಒಬ್ಬನೇ ಕೂತ. ಅವನ ಹೆಂಡತಿ ಪುಕ್ಕಟೆ ಆಳಿನಂತೆ ಚೂರುಗಳನ್ನು ಬಾಂಡಲಿಯಲ್ಲಿ ತುಂಬಿ ಓಣಿಯ ತುದಿಗೆ ಹೊತ್ತು ಹಾಕಿದಳು; ಗಂಡನೊಡನೆ ಮಾತಿಲ್ಲ. ಕಾಂಕ್ರೀಟು ಒಡೆಯಲಿಲ್ಲ. ಉಳಿ ಠಣ್ಣೆಂದು ಹಿಂದಕ್ಕೆ ಹಾರುತ್ತಿತ್ತು. ಎದುರುಮನೆಯ ಮುದುಕ ಕಿಟಕಿಯಿಂದ, "ಇಷ್ಟು ಗಟ್ಟಿ ಕಟ್ಟು ಅಂತ ನಿಂಗೆ ಹೇಳಿದ್ದು ಯಾರಯ್ಯಾ?" ಎಂದ. ತಮಾಷೆಗೆ ಹೇಳಿದ್ದು. ಯಾರೂ ನಗಲಿಲ್ಲ. ಅಂಗೈ ಬೊಬ್ಬೆಯೊಡೆದು ಉಳಿಯ ಮೇಲೆ ರಕ್ತ ಅಂಟಿತು. ನಾನು ಬಟ್ಟೆ ಹರಿದು ಕಟ್ಟಿದೆ, ಅವನು ಮತ್ತೆ ಕೂತ. ಬಿಡು ಎಂದು ನಾನು ಹೇಳಲಿಲ್ಲ. ಬಿಟ್ಟರೆ ಮಿಷಿನ್ ಬರುತ್ತಿತ್ತು.

ಇಂಜಿನಿಯರ್ ಫೋಟೋ ತೆಗೆಯಲು ಬಂದರು. ಕೆಲಸಕ್ಕೆ ಮುಂಚೆ ಜಾಗ ಹೇಗಿತ್ತು ಎನ್ನುವುದಕ್ಕೆ ಅದು ಬೇಕಂತೆ. "ಸ್ವಲ್ಪ ಪಕ್ಕಕ್ಕೆ ಸರೀರಿ ಮೇಸ್ತ್ರಿ, ನೀವು ಇದರಲ್ಲಿ ಬರಬಾರದು" ಅಂದರು. ತಮ್ಮ ಸರಿದು ಗೋಡೆಗೆ ಒರಗಿ ನಿಂತ.

ಹೊಸ ಚರಂಡಿ ಇನ್ನೂ ಶುರುವಾಗಿಲ್ಲ. ದರ ಕಡಿಮೆ ಹಾಕಿದ್ದರಿಂದ ಆತ ಸಿಮೆಂಟು ಹೊಂದಿಸಿಕೊಳ್ಳುತ್ತಿದ್ದಾನಂತೆ. ಕೊಳಚೆ ನೀರು ಮತ್ತೆ ನನ್ನ ಹೊಸ್ತಿಲು ದಾಟಿದೆ. ಕೂಲಿ ಕೇಳಲು ಬರುವವರ ಕಣ್ಣಿಗೆ ಬೀಳಬಾರದೆಂದು ತಮ್ಮ ಕತ್ತಲಿರುವಾಗಲೇ ಮನೆ ಬಿಟ್ಟು ನನ್ನಲ್ಲಿಗೆ ಬಂದು, ಬಕೆಟ್ಟಿನಲ್ಲಿ ನೀರು ತೋಡಿ ಹೊರಗೆ ಚೆಲ್ಲುತ್ತಾನೆ. ಚೆಲ್ಲಿದ್ದು ತಿರುಗಿ ಒಳಗೇ ಬರುತ್ತದೆ. ರಸಮಟ್ಟವನ್ನು ಅವನ ಹೆಂಡತಿ ಮಾರಿಬಿಟ್ಟಳು. ಅದು ಎಲ್ಲೆಂದು ಅವನು ಕೇಳಲಿಲ್ಲ.

ನಿನ್ನೆ ತೋಡುವುದನ್ನು ನಿಲ್ಲಿಸಿ, "ಅಕ್ಕಾ, ಅವತ್ತು ನಾನು ಸುಮ್ನೆ ಕೂತಿದ್ರೆ ಚರಂಡಿ ಉಳೀತಿತ್ತಲ್ವಾ?" ಎಂದು ಕೇಳಿದ.

ಇಲ್ಲ ಎಂದು ಹೇಳಬೇಕೆಂದಿದ್ದೆ.

"ಉಳೀತಿತ್ತು ಕಣೋ" ಅಂದೆ.

ಅವನು ತಲೆಯಾಡಿಸಿ ಮತ್ತೆ ಬಕೆಟ್ಟು ಮುಳುಗಿಸಿದ.