ಹುಲ್ಲು ಹೂತ ಮೇಷ್ಟ್ರು

ಕಳೆದ ಭಾನುವಾರ, ಬೆಳಿಗ್ಗೆ ಆರು ಗಂಟೆ. ಸುಂಕದಕಟ್ಟೆಯಲ್ಲಿ ನಮ್ಮ ಹಿಂದಿನ ಬೀದಿಯ ಹಸುವಿನ ಕೊಟ್ಟಿಗೆ. ಅಲ್ಲಿದ್ದವರು ಕೊಟ್ಟಿಗೆಯ ಯಜಮಾನ, ಟೆಂಪೊ ಚಾಲಕ, ಹಾಲಿನ ಪಾತ್ರೆ ಹಿಡಿದ ನಾನು. ಇಳಿಸುವಾಗ ಮೇವಿನ ಒಂದು ಮೂಟೆ ಹರಿಯಿತು. ಹುಳಿ ಬೆರೆತ ಸಿಹಿ ವಾಸನೆ... ರಸಮೇವು! ಈ ವಯಸ್ಸಿನಲ್ಲೂ ನನ್ನ ಎದೆ ಕುಣಿಯಿತು.

ಐವತ್ತರ ದಶಕ. ನಾನು ಮಲ್ಲತ್ತಹಳ್ಳಿಗೆ ಸೊಸೆಯಾಗಿ ಬಂದ ಹೊಸತು. ತವರಿನಿಂದ ನನ್ನ ಜೊತೆ ಒಂದು ಕೆಂದ ಹಸುವೂ ಬಂದಿತ್ತು. ಬೇಸಿಗೆಯಲ್ಲಿ ಹಸಿಮೇವಿಲ್ಲದೆ ಅದರ ಹಾಲು ಬತ್ತಿತು. ಮುಂದಿನ ಬೇಸಿಗೆಯೂ ಹೀಗೇ ಆದರೆ ಮಾರಿಬಿಡುವುದೆಂದು ಮಾವ ಹೇಳಿದರು. ನನಗೆ ಅನ್ನ ಇಳಿಯಲಿಲ್ಲ.

ಆಗ ಸೈಕಲ್ ತುಳಿದುಕೊಂಡು ಬಂದವರು ಗ್ರಾಮಸೇವಕರು. ದನ ಸಾಕುವವರಿಗೂ ಬೇಸಾಯಗಾರರಿಗೂ ಹೊಸ ವಿಧಾನ ಕಲಿಸುವುದು ಅವರ ಕೆಲಸ. ಊರಿಗೆಲ್ಲ ಅವರು ಮೇಷ್ಟ್ರು. ಮಳೆಗಾಲದ ಹಸಿ ಜೋಳವನ್ನು ಕತ್ತರಿಸಿ, ಗುಂಡಿಯಲ್ಲಿ ತುಳಿದು, ಮಣ್ಣು ಮುಚ್ಚಿಟ್ಟರೆ ಬೇಸಿಗೆಗೆ ರಸಮೇವು ಸಿದ್ಧ ಎಂದರು.

“ಹುಲ್ಲಿಗೂ ಮಣ್ಣು ಮಾಡ್ತೀರಾ ಮೇಷ್ಟ್ರೇ? ತಿಥಿ ಯಾವತ್ತು?” ಎಂದರು ಅತ್ತೆ.

“ಬೇಸ್ಗೇಲಿ ಅಮ್ಮಾ. ಊಟ ಹಸೂಗೆ!”

ನಾನು ಹಟ ಹಿಡಿದೆ. ಮಾವ ಒಂದು ಪಟ್ಟೆ ಜೋಳ ಬಿಟ್ಟುಕೊಟ್ಟರು. ಪಂಚೆ ಎತ್ತಿ ಕಟ್ಟಿ ಮೊದಲು ಗುಂಡಿಗೆ ಇಳಿದವರು ಮೇಷ್ಟ್ರೇ. “ತುಳೀರಿ, ತುಳೀರಿ! ಗಾಳಿ ಕಳ್ಳ. ಒಳಗ್ ಬಿಟ್ರೆ ಎಲ್ಲಾ ಹೊತ್ಕೊಂಡ್ ಹೋಗ್ತಾನೆ!” ಜಾತ್ರೆಯ ಹುಮ್ಮಸ್ಸಿನಲ್ಲಿ ತುಳಿದೆವು. ಮೇಷ್ಟ್ರು ಮಣ್ಣು ಮುಚ್ಚಿಸಿ, ತೆರೆಯುವವರೆಗೆ ಅದನ್ನು ಯಾರೂ ಮುಟ್ಟಕೂಡದೆಂದು ಎಚ್ಚರಿಸಿ ಹೋದರು.

ಯಾರು ಕೇಳಿದರು! ಪಕ್ಕದ ಬಾವಿಗೆ ನೀರಿಗೆ ಬಂದವರೆಲ್ಲ ಅಂಚಿನ ಮಣ್ಣು ಸರಿಸಿ ಇಣುಕಿದರು. ಅತ್ತೆಯಂತೂ ಮುದ್ದೆ ಬೆಂದಿದೆಯೇ ಎಂದು ನೋಡುವವರ ಹಾಗೆ ಕೋಲು ಚುಚ್ಚಿ ಮೂಸುತ್ತಿದ್ದರು.

ಬೇಸಿಗೆ ಬಂತು. ಊರೆಲ್ಲ ಸೇರಿತು. ಮಣ್ಣು ತೆಗೆದರೆ ಅಂಚಿನಲ್ಲಿ ಕಪ್ಪು ಬೂಷ್ಟು... ಜನ ನಕ್ಕರು. ಮಾವ ನನ್ನ ಹಸುವಿನ ಕಡೆ ನೋಡಿದರು. ಮೇಷ್ಟ್ರು ಗುಂಡಿಗೆ ಹಾರಿ ಅಗೆದರು. ಕೆಳಗೆ ಹಳದಿ ಹಸಿರು ಮೇವು, ಘಮ್ಮೆಂದು ವಾಸನೆ! ಒಂದು ಮಂಕರಿ ತುಂಬಿ ಹಸುವಿನ ಮುಂದಿಟ್ಟರು. ಅದು ಮೂಸಿ, ತಲೆ ಹಿಂದೆಳೆದುಕೊಂಡಿತು.

“ನೋಡಿ, ಅದೇ ಮೂಗ್ ಮುರೀತು!” ಎಂದರು ಅತ್ತೆ.

“ಇಷ್ಟ್ ಜನ ಬಾಯ್ ನೋಡ್ತಾ ನಿಂತ್ರೆ ನೀವ್ ಉಣ್ತೀರಾ ಅಮ್ಮಾ? ಗುಂಡೀನೂ ಹಿಂಗೇ ಇಣುಕಿ ಇಣುಕಿ ಕೆಡಿಸಿದ್ರಿ. ಸರೀರಿ, ಸರೀರಿ ಎಲ್ಲಾ!”

ಎಲ್ಲರೂ ಗೋಡೆಯಾಚೆ ಸರಿದು ಉಸಿರು ಹಿಡಿದು ನಿಂತೆವು. ಸ್ವಲ್ಪ ಹೊತ್ತಿಗೆ ಕರಕರ ಮೆಲ್ಲುವ ಸದ್ದು! ಓಡಿ ಹೋಗಿ ನೋಡಿದರೆ ಹಸು ಬರಿದಾದ ಮಂಕರಿಯನ್ನು ಮೂತಿಯಿಂದ ತಳ್ಳುತ್ತಿತ್ತು.

“ನಿಂತ್ಕೊಂಡ್ ಏನ್ ನೋಡ್ತೀಯೇ? ಇನ್ನೊಂದ್ ಮಂಕ್ರಿ ತಾ!” ಅತ್ತೆ ಗದರಿದರು.

ಹಸು ಮನೆಯಲ್ಲೇ ಉಳಿಯಿತು. ಮೇಷ್ಟ್ರಿಗೆ ವರ್ಗವಾಯಿತು. ಎಷ್ಟೋ ವರ್ಷದ ಮೇಲೆ ಅವರು ತೀರಿಹೋದ ಸುದ್ದಿ ಬಂತು. ಅವರಿಗೆ ಒಂದು ಲೋಟ ಹಾಲನ್ನಾದರೂ ಕೊಟ್ಟೆವೋ ಇಲ್ಲವೋ, ನೆನಪಾಗುತ್ತಿಲ್ಲ... ಆ ಗುಂಡಿಯ ಜಾಗದಲ್ಲಿ ಈಗ ಮೂರಂತಸ್ತಿನ ಮನೆಯಿದೆ.

ಕೊಟ್ಟಿಗೆಯಲ್ಲಿ ನಾನು ಹರಿದ ಮೂಟೆಗೆ ಕೈ ಹಾಕಿದೆ. “ಬಿಡಿ ಅಜ್ಜಿ, ಆಮೇಲ್ ಕಟ್ತೀನಿ,” ಎಂದ ಕೊಟ್ಟಿಗೆಯ ಯಜಮಾನ.

“ಆಮೇಲಲ್ಲ, ಈಗ. ಗಾಳಿ ಕಳ್ಳ ಕಣಪ್ಪ.”

ಹಾಲಿನ ಪಾತ್ರೆ ಕೆಳಗಿಟ್ಟೆ. ಮೂಟೆಯ ಹರಿದ ಬಾಯನ್ನು ಮಡಚಿ, ಒಳಗಿನ ಗಾಳಿಯನ್ನು ಮೊಣಕಾಲಿನಿಂದ ಅದುಮಿ ಹೊರಹಾಕಿ, ಹಗ್ಗ ಬಿಗಿದು ಗಂಟು ಹಾಕಿದೆ.