ಸೀರಿ ಮುಗೀಲಿ ಅಂದ ಕಾಕಾ

ಬನಹಟ್ಟಿಯ ನಮ್ಮ ಕಾಕಾನ ಸಾವನ್ನು ನಾನು ವಿಧಿ ಎನ್ನುವುದಿಲ್ಲ. ವಿಧಿಗೆ ಬೇಕಾದಷ್ಟು ಪುರುಸೊತ್ತು ಕೊಟ್ಟವನು ಕಾಕಾನೇ.

ಅವನು ಕೈಮಗ್ಗದವನು. ಒಂದು ಸೀರೆಗೆ ಒಂದೇ ಕೈ ಎಂಬುದು ಅವನ ಹಟ. ನಡುವೆ ಬೇರೆಯವರು ಕೂತು ನೇಯ್ದರೆ ಹೊಡೆತದ ಬಿಗಿ ಬದಲಾಗಿ ಬಟ್ಟೆಯಲ್ಲಿ ಅಡ್ಡಗೆರೆ ಕಾಣುತ್ತದೆ. ಹೀಗಾಗಿ ಅರ್ಧ ನೇಯ್ದ ಸೀರೆ ಬಿಟ್ಟು ಅವನು ಮದುವೆಗೂ ಹೋದವನಲ್ಲ.

ಕೊರೊನಾ ಹೊಸ ರೂಪದಲ್ಲಿ ಮರಳಿ ಬಂದ ಚಳಿಗಾಲದಲ್ಲಿ, ಸೆರಗು ಇನ್ನೂ ಬಾಕಿಯಿರುವಾಗ ಅವನಿಗೆ ಜ್ವರ ಬಂತು. ಪರೀಕ್ಷೆಯಲ್ಲಿ ಅದೇ ಎಂದಾಯಿತು. ಜಮಖಂಡಿಯ ಡಾಕ್ಟರು ಫೋನಿನಲ್ಲೇ ಹೇಳಿದರು: "ವಯಸ್ಸಾದವರು, ಸಕ್ಕರೆ ಕಾಯಿಲೆ ಬೇರೆ. ವೈರಸ್ ಬೆಳೆಯೋದನ್ನ ತಡಿಯೋ ಗುಳಿಗಿ ಐತಿ, ಆದ್ರ ಮೊದಲ ದಿನಗಳಾಗ ಶುರು ಆಗಬೇಕು. ಇವತ್ತ ಕರ್ಕೊಂಡು ಬರ್ರಿ."

"ಕೊರೊನಾದ ಎರಡೂ ಸೂಜಿ ಹಾಕಿಸ್ಕೊಂಡೇನಿ. ಇನ್ಯಾಕ ಗುಳಿಗಿ?" ಕಾಕಾ ಮಗ್ಗದ ಕುಣಿಯಿಂದ ಕಾಲನ್ನೂ ತೆಗೆಯಲಿಲ್ಲ.

"ಆ ಸೂಜಿ ಹಳೇ ವೈರಸ್ಸಿನ ಗುರುತು ಹಿಡದು ಮಾಡಿದ್ದು, ಕಾಕಾ. ಅದೀಗ ಮಾರಿ ಬದಲ್ ಮಾಡೇತಿ. ಸೂಜಿ ಕೆಲಸ ಮಾಡತೈತಿ, ಆದ್ರ ಎಲ್ಲಾರಿಗೂ ಪೂರಾ ಅಲ್ಲ" ಅಂದೆ ನಾನು.

ಎದುರಾಳಿಯ ಅಂಗಳದ ಕಲ್ಲನ್ನೇ ಎತ್ತಿ ಎದುರಾಳಿಗೆ ಹೊಡೆಯಬೇಕೆಂದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತಿದ್ದೆ. "ನೂಲು ಗಟ್ಟಿ ಆಗ್ಲಿ ಅಂತ ಗಂಜಿ ಹಾಕಿರ್ತಿ. ಆದ್ರೂ ಎಳಿ ಹರೀತೈತಿಲ್ಲೋ? ಹರದಾಗ, ಗಂಜಿ ಹಾಕೇನಿ ಅಂತ ಸುಮ್ನ ಕೂಡ್ತಿಯೇನು? ಆಗಿಂದಾಗ ಗಂಟು ಹಾಕ್ತಿ."

ಕಾಕಾ ಕೈ ನಿಲ್ಲಿಸಿ ನಕ್ಕ. ನಗು ಕೆಮ್ಮಾಯಿತು. "ಭಾರಿ ಅಂದಿ ಲೇ! ಗೆದ್ದಿ, ಕಪ್ಪು ನಿಂದ." ಮತ್ತೆ ಲಾಳಿ ಓಡಿಸಿದ. "ಸೀರಿ ಮುಗೀಲಿ, ಹೋಗೂಣಂತ."

ವಾದ ಗೆದ್ದೆ. ಎದುರಾಳಿ ಒಪ್ಪಿದ, ಹೊಗಳಿದ, ಕೂತಲ್ಲೇ ಕೂತ.

ಸೀರೆ ಮುಗಿಯಲಿಲ್ಲ. ಸೆರಗಿನ ಕೆಂಪು ಒಂದು ಗೇಣು ಬಂದಿತ್ತು. ಜ್ವರದ ಎಂಟನೆಯ ದಿನ ಕಾಕಾ ಉಸಿರು ಸಿಗದೆ ಮಗ್ಗದ ಮೇಲೆಯೇ ಬಾಗಿದ. ಆಸ್ಪತ್ರೆಯಲ್ಲಿ ಗುಳಿಗೆಯ ಬಗ್ಗೆ ಕೇಳಿದೆ. "ಅದರ ಹೊತ್ತು ಮೀರೇತಿ" ಎಂದರು. ಆಕ್ಸಿಜನ್ ಹಚ್ಚಿದರು. ಅದೂ ಸಾಲಲಿಲ್ಲ.

ಮಣ್ಣು ಮುಗಿಸಿ ಬಂದ ಮೇಲೆ ಪಡಸಾಲೆಯಲ್ಲಿ ಓಣಿಯ ಹಿರಿಯರೊಬ್ಬರು ತೀರ್ಪು ಕೊಟ್ಟರು: "ಎರಡು ಸೂಜಿ ತಗೊಂಡೂ ಹೋದ ನೋಡ್ರಿ. ಎಲ್ಲಾ ಸುಳ್ಳ. ಇನ್ಯಾವ ದವಾಖಾನಿ?" ಎಲ್ಲರೂ ತಲೆಯಾಡಿಸಿದರು. ಅದೇ ಸೂಜಿ ಹಾಕಿಸಿಕೊಂಡು, ಅದೇ ಮನೆಯಲ್ಲಿ, ನೆಗಡಿಯಷ್ಟರಲ್ಲೇ ಪಾರಾದ ಕಾಕಾನ ಮಕ್ಕಳೂ ಸೊಸೆಯಂದಿರೂ ತಲೆಯಾಡಿಸಿದರು.

ಮೂಲೆಯಲ್ಲಿ ಕಾಕಾನ ಹೆಂಡತಿ, ನಮ್ಮ ಚಿಗವ್ವ, ಕೆಮ್ಮುತ್ತಿದ್ದಳು. ಅವಳಿಗೂ ಸಕ್ಕರೆ ಕಾಯಿಲೆ. ಹಿಂದಿನ ಸಂಜೆಯಷ್ಟೇ ಜ್ವರ ಶುರುವಾಗಿತ್ತು.

"ಗಾಡಿ ಹತ್ತು, ದವಾಖಾನಿಗೆ ಹೋಗೂಣು" ಅಂದೆ.

"ಕಾರ್ಯ ಮುಗೀಲಿ ತಮ್ಮಾ. ಮಂದಿ ಏನಂದಾರು?"

"ಕಾಕಾನೂ ಹಂಗ ಅಂದಿದ್ದ, ಸೀರಿ ಮುಗೀಲಿ ಅಂತ." ಎಲ್ಲರಿಗೂ ಕೇಳುವಂತೆಯೇ ಹೇಳಿದೆ. "ಮುಗೀತೇನು?"

ಅಳುತ್ತಿದ್ದ ಹೆಂಗಸರು ನನ್ನ ಕಡೆ ತಿರುಗಿದರು. "ಥೂ, ಎಂಥಾ ನಾಲಿಗಿ ಇವಂದು!" ಎಂದಳು ಒಬ್ಬಾಕೆ. ಚಿಗವ್ವ ಮಗ್ಗದ ಕಡೆ ನೋಡಿದಳು. ಆಮೇಲೆ ಎದ್ದು ಬಂದು ನನ್ನ ಬೈಕಿನ ಹಿಂದೆ ಕೂತಳು. ಜಮಖಂಡಿಯವರೆಗೂ ಅವಳ ಜ್ವರ ನನ್ನ ಬೆನ್ನಿಗೆ ತಾಗುತ್ತಿತ್ತು.

ಗುಳಿಗೆ ತಗೊಂಡಳು, ಉಳಿದಳು. ಗುಳಿಗೆಯಿಂದಲೋ, ಸೂಜಿಯಿಂದಲೋ, ಎರಡರಿಂದಲೋ, ಅವಳೊಬ್ಬಳನ್ನು ನೋಡಿ ಸಾಬೀತು ಮಾಡಲಾಗದು. ಕಾಕಾ ಒಬ್ಬನ ಸಾವಿನಿಂದ ಸೂಜಿ ಸುಳ್ಳೆಂದು ಸಾಬೀತಾಗದ ಹಾಗೆ. ಮಂದಿಯ ಮುಂದೆ ಆಡಿದ ಆ ಮಾತನ್ನು ಮರೆತಿಲ್ಲ; ಈಗಲೂ ನಾನು ಹೋದರೆ ಚಹಾ ಇಟ್ಟು, ಮಾತಾಡದೆ ಒಳಗೆ ಹೋಗುತ್ತಾಳೆ. ಹೋಗಲಿ. ಸಿಟ್ಟು ಮಾಡಿಕೊಳ್ಳಲು ಅವಳು ಇದ್ದಾಳಲ್ಲ.