ಪಾಸಾದ ಬೌಲರ್

ಐವತ್ತರ ದಶಕದಲ್ಲಿ ನಾನು ಹುನಗುಂದದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ, ಊರಿನ ಕ್ರಿಕೆಟ್ ಟೀಮಿಗೆ ಕ್ಯಾಪ್ಟನ್. ಇಂಗ್ಲೆಂಡ್, ಆಸ್ಟ್ರೇಲಿಯಾದವರು ಯಾಕೆ ಗೆಲ್ಲುತ್ತಲೇ ಇರುತ್ತಾರೆ ಎಂಬ ಚರ್ಚೆ ಚಹಾದಂಗಡಿಯಲ್ಲಿ ದಿನಾ ನಡೆಯುತ್ತಿತ್ತು. ಮಾಂಸ ತಿನ್ನುತ್ತಾರೆ ಎಂದು ಒಬ್ಬರು, ಥಂಡಿ ಹವೆ ಎಂದು ಇನ್ನೊಬ್ಬರು. ‘ಹಂಗಾದ್ರ ನ್ಯೂಜಿಲೆಂಡಿನವ್ರು ಯಾಕ ಸೋಲ್ತಾರ್ರಿ? ಅವರೇನು ನಮ್ಮಂಗ ರೊಟ್ಟಿ ಖಾರಾ ತಿಂದು ಬಿಸಲಾಗ ಕುಂತಾರೇನು?’ ಎಂದು ನಾನು ರೇಗುತ್ತಿದ್ದೆ. ಆಡುವವರು ಊರು ಬಿಟ್ಟು ಹೋಗದ ಕಡೆ ಟೀಮು ಗಟ್ಟಿಯಾಗಿರುತ್ತದೆ ಎಂಬುದು ನನ್ನ ವಾದ. ಇಂಗ್ಲೆಂಡನ್ನು ನಾನು ಕಂಡವನಲ್ಲ. ಪಕ್ಕದ ಇಳಕಲ್ಲನ್ನು ಚೆನ್ನಾಗಿ ಬಲ್ಲೆ.

ಇಳಕಲ್ಲಿನ ಟೀಮಿನಲ್ಲಿ ಹೆಚ್ಚಿನವರು ಸೀರೆ ನೇಯುವವರು. ಮಗ್ಗ ಇದ್ದಲ್ಲಿ ಅವರು. ನಾನು ಹುಡುಗನಾಗಿದ್ದಾಗ ನನ್ನನ್ನು ಔಟ್ ಮಾಡಿದವರೇ, ನನಗೆ ಬೊಜ್ಜು ಬಂದ ಮೇಲೂ, ಔಟ್ ಮಾಡುತ್ತಿದ್ದರು. ನಮ್ಮ ಹುಡುಗರೋ, ಬ್ಯಾಟು ಹಿಡಿಯಲು ಕಲಿತರು ಅನ್ನುವಷ್ಟರಲ್ಲಿ ಮ್ಯಾಟ್ರಿಕ್ ಪಾಸಾಗಿ ಬಾಗಲಕೋಟೆಯ ಕಾಲೇಜಿಗೆ ಬಸ್ಸು ಹತ್ತುತ್ತಿದ್ದರು. ಪ್ರತಿ ವರ್ಷ ನಾನು ಹೊಸ ಟೀಮು ಕಟ್ಟಬೇಕು, ಇಳಕಲ್ಲಿನವರು ಅದನ್ನು ಕೆಡವಬೇಕು. ಒಮ್ಮೆಯಾದರೂ ಅವರನ್ನು ಸೋಲಿಸಬೇಕೆಂದು ನನಗೆ ಹುಚ್ಚು ಹಿಡಿದಿತ್ತು.

ಆಗ ಸಿಕ್ಕವನು ಒಬ್ಬ ಬೌಲರ್, ನನ್ನ ವಿದ್ಯಾರ್ಥಿ. ಟಾಂಗಾ ಹೊಡೆಯುವವರ ಮಗ. ಅವನ ಚೆಂಡು ಕಾಣುವ ಮೊದಲೇ ಸ್ಟಂಪು ಬಿದ್ದಿರುತ್ತಿತ್ತು. ಗಣಿತ ಮಾತ್ರ ತಲೆಗೆ ಹತ್ತದು. ಮ್ಯಾಟ್ರಿಕ್ ಒಮ್ಮೆ ಫೇಲಾದ, ಅವರಪ್ಪ ಅತ್ತರು. ಆ ವರ್ಷ ಅವನು ಊರಲ್ಲೇ ಉಳಿದ; ಇಳಕಲ್ಲಿನವರು, ಅವರ ಕಡೆಯ ಜೋಡಿ ಕಚ್ಚಿಕೊಂಡು ನಿಂತದ್ದಕ್ಕೆ ಬಚಾವಾದರು. ಇನ್ನೊಂದು ವರ್ಷ ಅವನಿದ್ದರೆ ಗೆಲುವು ನಮ್ಮದೇ.

ಒಂದು ಸಂಜೆ ಅವನೇ ಮನೆಗೆ ಬಂದ. ‘ಸರ್, ಈ ವರ್ಷಾನೂ ಫೇಲ್ ಆಗಿಬಿಡ್ತೇನ್ರಿ. ಇಳಕಲ್ಲಿನವರಿಗೆ ಒಂದು ಕೈ ತೋರ್ಸೂಣು.’

ಒಂದು ಕ್ಷಣ ನನ್ನ ಬಾಯಲ್ಲಿ ನೀರೂರಿತು. ಆಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ‘ಏನಂದಿ ಲೇ? ನನ್ನ ಮಗ ಸಾಹೇಬ ಆಗ್ತಾನಂತ ನಿಮ್ಮಪ್ಪ ಟಾಂಗಾದಾಗ ಕುಂತವರಿಗೆಲ್ಲಾ ಹೇಳಾಕತ್ತಾರ. ನಾಳೆ ಮುಂಜಾನೆ ಪುಸ್ತಕ ತಗೊಂಡು ಬಾ!’

ದಿನಾ ಬೆಳಿಗ್ಗೆ ಅವನಿಗೆ ಬೀಜಗಣಿತ ಅರೆದು ಕುಡಿಸಿದೆ. ಒಳ್ಳೆಯ ಮಾಸ್ತರನಾಗಿರುವುದು ಇಷ್ಟು ಹೊಟ್ಟೆ ಉರಿಸುವ ಕೆಲಸವೆಂದು ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹುಡುಗ ಪಾಸಾದ. ಅವರಪ್ಪ ಓಣಿಗೆಲ್ಲ ಪೇಢೆ ಹಂಚಿದರು. ನನ್ನ ಪಾಲಿನ ಪೇಢೆಯನ್ನು ಓಣಿಯ ಹುಡುಗರಿಗೆ ಕೊಟ್ಟೆ. ಅವನಿಲ್ಲದ ನಮ್ಮನ್ನು ಇಳಕಲ್ಲಿನವರು ಊಟದ ಹೊತ್ತಿಗೇ ಮುಗಿಸಿದರು. ‘ಮಾಸ್ತರ್ರ, ನಿಮ್ಮ ಸಾಲಿ ಭಾಳ ಛಲೋ ಐತಿ. ಅದಕ್ಕ ನಿಮ್ಮ ಟೀಮ್ ಹಿಂಗ’ ಎಂದು ಅವರ ಕ್ಯಾಪ್ಟನ್ ನಕ್ಕರು.

ಆ ಚಳಿಗಾಲದಲ್ಲಿ ಬಾಗಲಕೋಟೆಯ ಕಾಲೇಜಿನ ಟೀಮಿನೊಡನೆ ನಮ್ಮ ಮ್ಯಾಚು. ಬೌಲಿಂಗಿಗೆ ಬಂದವನು ಅವನೇ. ಬಿಳಿ ಪ್ಯಾಂಟು, ಇಸ್ತ್ರಿ ಮಾಡಿದ ಅಂಗಿ. ಮಾಸ್ತರನೆಂದು ಮೆತ್ತಗೆ ಹಾಕಿಯಾನು ಎಂದುಕೊಂಡು ಕಾಲು ಮುಂದಿಟ್ಟೆ. ನಡುವಿನ ಸ್ಟಂಪು ಹಾರಿಹೋಯಿತು. ಅವನು ಓಡಿಬಂದು, ಅಷ್ಟು ಜನರೆದುರು ನನ್ನ ಕಾಲು ಮುಟ್ಟಿದ.

‘ತಪ್ಪಾತ್ರಿ, ಸರ್.’

‘ತಪ್ಪೇನು ಬಂತಲೇ? ಮುಂದಿನವಗೂ ಹಿಂಗs ಹಾಕು’ ಎಂದು ಬ್ಯಾಟನ್ನು ಕಂಕುಳಲ್ಲಿಟ್ಟುಕೊಂಡು ಹೊರಟೆ. ಕಣ್ಣು ತುಂಬಿತ್ತು. ಸೊನ್ನೆಗೆ ಔಟಾದ ದುಃಖವೆಂದು ತಿಳಿದು ನಮ್ಮ ಹುಡುಗರು ಸಮಾಧಾನ ಹೇಳಿದರು. ನಾನೂ ಸುಮ್ಮನೆ ಹೇಳಿಸಿಕೊಂಡೆ.